ಏಳನೇ ಬೆಡ್ಡಿನಲ್ಲಿ ಯಾರು?

ಮೂಡಬಿದ್ರೆ
೧೨-೮-೧೯೭೮

ಪ್ರೀತಿಯ ಅಮ್ಮನಿಗೆ,

ಪರಮೇಶ್ವರಿಯ ನಮಸ್ಕಾರಗಳು. 'ಇತ್ತ ನಾನು ಕ್ಷೇಮ' ಎಂದು ಮೊದಲ ಗೆರೆಯಲ್ಲೇ ಬರೆಯಬೇಕೆಂದು ಬೆಳ್ತಂಗಡಿ ಹಾಸ್ಟೆಲಿನಲ್ಲಿ ಏಳು ವರ್ಷ ಕಲಿಸಿದ್ದಾರೆ, ಆದ್ದರಿಂದ ಬರೆದಿದ್ದೇನೆ. ನಿಜ ಹೇಳುವುದಾದರೆ ಸದಾ ಒಂದು ಹೆದರಿಕೆ ಉಂಟು. ಊಟ ಸೇರುತ್ತದೆ, ಹೆದರಿಕೆ ಹೋಗುವುದಿಲ್ಲ.

ನಾವು ಹದಿನೆಂಟು ಹುಡುಗಿಯರು. ಮೊದಲ ಆರು ತಿಂಗಳು ನಾವು ಸ್ಟೂಡೆಂಟ್ ನರ್ಸ್ ಕೂಡ ಅಲ್ಲವಂತೆ, ಬರೀ ಪ್ರೊಬೇಶನರ್. ಜನವರಿಯಲ್ಲಿ ಪರೀಕ್ಷೆ. ಬರೆಯುವುದು ಒಂದು ದಿನ, ಮತ್ತೊಂದು ದಿನ ವಾರ್ಡಿನಲ್ಲೇ ಪ್ರಾಕ್ಟಿಕಲ್, ಹೊರಗಿನ ಎಕ್ಸಾಮಿನರ್ ಬರುತ್ತಾರೆ. ಪಾಸಾದವರ ತಲೆಗೆ ಬಿಳಿ ಕ್ಯಾಪ್. ಫೇಲಾದವರ ತಲೆಯ ಮೇಲೆ ಅವರವರ ಟ್ರಂಕು, ಸೀದಾ ಮನೆಗೆ. ಇದು ಟ್ಯೂಟರ್ ಸಿಸ್ಟರ್ ಮೊದಲ ದಿನವೇ ಹೇಳಿದ ಜೋಕು. ಯಾರೂ ನಗಲಿಲ್ಲ.

ಪ್ರಾಕ್ಟೀಸ್ ರೂಮಿನಲ್ಲಿ ಒಂದು ರಬ್ಬರಿನ ಗೊಂಬೆ ಮಲಗಿದೆ, ಮನುಷ್ಯರಷ್ಟೇ ಉದ್ದ. ನಮ್ಮ ಸೀನಿಯರ್ಸ್ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದಾರೆ. ದೊಡ್ಡಮ್ಮನಿಗೆ ಸ್ನಾನ ಮಾಡಿಸುತ್ತೇವೆ, ಮಗ್ಗುಲು ಬದಲಿಸುತ್ತೇವೆ, ಬ್ಯಾಂಡೇಜ್ ಸುತ್ತುತ್ತೇವೆ. ಮದ್ದು ಕೊಡುವ ಮೊದಲು ಐದು ರೈಟ್ ನೋಡಬೇಕು: ರೈಟ್ ಪೇಶೆಂಟ್, ರೈಟ್ ಡ್ರಗ್, ರೈಟ್ ಡೋಸ್, ರೈಟ್ ರೂಟ್, ರೈಟ್ ಟೈಮ್. ಸರಿಯಾದ ರೋಗಿಗೆ ಸರಿಯಾದ ಮದ್ದು, ಸರಿಯಾದಷ್ಟು, ಸರಿಯಾದ ದಾರಿಯಲ್ಲಿ, ಸರಿಯಾದ ಹೊತ್ತಿಗೆ. ನಾನು ಮೀಯುವಾಗಲೂ ಇದನ್ನು ಹೇಳಿಕೊಳ್ಳುತ್ತೇನೆ. ಒಂದು ಸಲವೂ ತಪ್ಪಿಲ್ಲ.

ನನ್ನ ರೂಮ್‌ಮೇಟ್ ಜುಲಿಯಾನ. ಅವಳ ಚಿಕ್ಕಮ್ಮ ಬೊಂಬಾಯಿಯಲ್ಲಿ ಸ್ಟಾಫ್ ನರ್ಸ್. ಇಲ್ಲಿ ತುಂಬ ಮಂದಿಯ ಮನೆಯಲ್ಲಿ ಯಾರಾದರೂ ನರ್ಸ್ ಇದ್ದಾರೆ.

ಒಂದು ವಿಷಯ. ನೀನು ಇನ್ನು ಕಾರ್ಡು ಬರೆಯಬೇಡ, ಇನ್‌ಲ್ಯಾಂಡ್ ಲೆಟರ್ ಬರೆ. ಮಳೆಗೆ ಕಾರ್ಡಿನ ಶಾಯಿ ಎಲ್ಲ ಇಳಿದುಹೋಗುತ್ತದೆ.

ನಿನ್ನ
ಪರಮೇಶ್ವರಿ


ಬಂಟ್ವಾಳ
೨೧-೮-೧೯೭೮

ಮಗಳು ಪರಮುವಿಗೆ ಅಮ್ಮನ ಆಶೀರ್ವಾದ.

ನಿನ್ನ ಪತ್ರದಲ್ಲಿ ಅರ್ಧ ಇಂಗ್ಲಿಷ್ ಉಂಟು ಮಾರಾಯ್ತಿ. ನಮ್ಮ ಆಸ್ಪತ್ರೆಯ ಕಂಪೌಂಡರ್ ಮುಂಡಪ್ಪಣ್ಣನ ಹತ್ತಿರ ಓದಿಸಿಕೊಂಡೆ. ಅವರು ಓದಿ ಮುಗಿಸಿ, ನಿಮ್ಮ ಮಗಳು ಈಗಲೇ ಡಾಕ್ಟ್ರ ಹಾಗೆ ಬರೆಯುತ್ತಾಳೆ, ಅಕ್ಷರ ಮಾತ್ರ ಓದಲಿಕ್ಕೆ ಆಗ್ತದೆ ಅಂದರು. ಬೆಡ್‌ಪ್ಯಾನ್ ತೊಳೆಯುತ್ತಾ ಇಡೀ ದಿನ ಅದನ್ನೇ ಎಣಿಸಿ ನಗಾಡಿದೆ.

ಐದು ರೈಟ್ ಅಂತ ಬರೆದಿದ್ದಿ. ಒಳ್ಳೆಯದು. ನಾನು ಹದಿನಾರು ವರ್ಷ ಆಯಾ ಕೆಲಸ ಮಾಡಿದವಳು, ಐದು ನನಗೆ ಗೊತ್ತಿಲ್ಲ. ಒಂದು ಗೊತ್ತುಂಟು. ಗೊಂಬೆ ಹೂಂ ಅನ್ನುವುದಿಲ್ಲ, ಮನುಷ್ಯರು ಅನ್ನುತ್ತಾರೆ. ಬಿಳಿ ಬಟ್ಟೆ ಹಾಕಿದವರು ಏನು ಕೇಳಿದರೂ ನಮ್ಮ ಊರಿನವರು ಹೂಂ ಅನ್ನುತ್ತಾರೆ. ನೋವು ಉಂಟಾ ಅಂದರೆ ಹೂಂ. ಇಲ್ಲವಾ ಅಂದರೂ ಹೂಂ. ಕಷ್ಟ ಇರುವುದು ಅಲ್ಲಿ.

ಕಾರ್ಡು ಬೇಡ ಅಂದಿ, ಇಕೊ ಇನ್‌ಲ್ಯಾಂಡ್. ನಮ್ಮ ಟಪ್ಪಾಲಿನವನು ಕಾರ್ಡಿಗೆ ಮಳೆ ತಾಗಿಸುವುದಿಲ್ಲ, ಓದಲಿಕ್ಕೆ ಬೇಕಲ್ಲ ಅವನಿಗೆ. ನಿಮ್ಮ ಕಡೆಯವನು ಜಾಗ್ರತೆ ಇಲ್ಲದವನಿರಬೇಕು.

ತಿಂಗಳ ಮೊದಲ ಆದಿತ್ಯವಾರ ಮನೆಯವರು ಬರಬಹುದು ಅಂತ ಸೇರುವಾಗ ಹೇಳಿದ್ದರು. ಸಿದ್ಧಕಟ್ಟೆ ದಾರಿಯಾಗಿ ಬರುವ ಬಸ್ಸಿನಲ್ಲಿ ಬರ್ತೇನೆ. ಹಪ್ಪಳ ತರ್ತೇನೆ.

ಅಮ್ಮಣಿ


ಬಂಟ್ವಾಳ
೬-೯-೧೯೭೮

ಪರಮುವಿಗೆ ಅಮ್ಮ ಬರೆಯುವುದು.

ಮನೆಗೆ ಬಂದು ಮುಟ್ಟಿದೆ. ನಿನ್ನ ಕೋಣೆ ಚಂದ ಉಂಟು, ಗಾಳಿ ಬರ್ತದೆ. ಜುಲಿಯಾನ ಒಳ್ಳೆಯ ಹುಡುಗಿ. ನೀನು ಚಾ ತರಲು ಹೋದಾಗ ಅವಳು ನನ್ನ ಹತ್ತಿರ, ಆಂಟಿ, ನೀವು ಯಾವ ವಾರ್ಡಿನಲ್ಲಿ ಸಿಸ್ಟರ್ ಅಂತ ಕೇಳಿದಳು. ನಾನು ಫೀಮೇಲ್ ವಾರ್ಡಿನಲ್ಲಿ ಅಂದೆ. ಅದು ಸುಳ್ಳಲ್ಲ. ಅವಳ ಬಾಯಲ್ಲಿ ಸಿಸ್ಟರ್ ಅಂತ ಕೇಳಲಿಕ್ಕೆ ಚಂದವೇ ಇತ್ತು.

ನನ್ನ ಮೊಣಕಾಲು ಸರಿ ಇಲ್ಲ. ಬಸ್ಸಿನಲ್ಲಿ ನಿಂತೇ ಬರಬೇಕಾಯಿತು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಬರುವುದಿಲ್ಲ. ನೀನು ಓದು.

ಹಪ್ಪಳ ಎಲ್ಲರಿಗೂ ಕೊಡು.

ಅಮ್ಮಣಿ


ಮೂಡಬಿದ್ರೆ
೨೫-೯-೧೯೭೮

ಪ್ರೀತಿಯ ಅಮ್ಮನಿಗೆ,

ಮೊಣಕಾಲಿಗೆ ಬಿಸಿ ನೀರಿನ ಶಾಖ ಕೊಡು, ದಿನಕ್ಕೆ ಎರಡು ಸಲ, ಒಂದೊಂದು ಸಲ ಇಪ್ಪತ್ತು ನಿಮಿಷ. ನಮಗೆ ಕಳೆದ ವಾರವೇ ಪಾಠ ಆಯಿತು. ಬರಲು ಕಷ್ಟವಾದರೆ ಬೇಡ, ನನಗೇನೂ ಬೇಸರವಿಲ್ಲ.

ನಮಗೆ ಈಗ ವಾರ್ಡ್ ಡ್ಯೂಟಿ ಶುರುವಾಗಿದೆ, ದಿನಕ್ಕೆ ಎರಡು ಗಂಟೆ. ಟ್ಯೂಟರ್ ಸಿಸ್ಟರ್ ಒಂದು ಮಾಡೆಲ್ ಟೆಸ್ಟ್ ಇಟ್ಟರು. ಐದು ರೈಟ್‌ಗಳನ್ನು ನನ್ನಷ್ಟು ಬೇಗ ಯಾರೂ ಹೇಳಲಿಲ್ಲ. ಸಿಸ್ಟರ್ ಮಾರ್ಕಿನ ಕೆಳಗೆ ಕೆಂಪು ಶಾಯಿಯಲ್ಲಿ 'ಟೂ ಫಾಸ್ಟ್' ಎಂದು ಬರೆದಿದ್ದಾರೆ. ಅದು ಹೊಗಳಿಕೆಯೋ ಅಲ್ಲವೋ ಎಂದು ಜುಲಿಯಾನಳನ್ನು ಕೇಳಿದೆ. ಅವಳು, ಬಸ್ಸಿನ ಡ್ರೈವರಿಗೆ ಹೇಳಿದರೆ ಏನರ್ಥವೋ ಅದೇ ಎಂದಳು.

ಹಪ್ಪಳ ಮುಗಿಯಿತು. ಜುಲಿಯಾನ ನಿನ್ನನ್ನು ಕೇಳುತ್ತಿರುತ್ತಾಳೆ.

ಪರಮೇಶ್ವರಿ


ಮೂಡಬಿದ್ರೆ
೧೬-೧೧-೧೯೭೮

ಅಮ್ಮಾ,

ಇದನ್ನು ಮುಂಡಪ್ಪಣ್ಣನ ಹತ್ತಿರ ಓದಿಸಬೇಡ. ನಿನಗೆ ಅರ್ಥವಾಗುವ ಹಾಗೆಯೇ ಬರೆಯುತ್ತೇನೆ. ಓದಿ ಒಲೆಗೆ ಹಾಕು.

ನಿನ್ನೆ ಬೆಳಿಗ್ಗೆ ಫೀಮೇಲ್ ವಾರ್ಡಿನಲ್ಲಿ ಮದ್ದು ಕೊಡುವ ರೌಂಡಿಗೆ ನನ್ನನ್ನು ಹಾಕಿದ್ದರು. ಸ್ಟಾಫ್ ಸಿಸ್ಟರ್ ಜೊತೆಗೆ ಇರಬೇಕು, ಇದ್ದರು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು. ಟ್ರೇ ನನ್ನ ಕೈಗೆ ಕೊಟ್ಟು ಓಡಿದರು. ಏಳನೇ ಬೆಡ್ ವೇಣೂರಿನ ಕಾವೇರಮ್ಮ, ಸಕ್ಕರೆ ಕಾಯಿಲೆ, ಅದಕ್ಕೆ ಒಂದು ಮಾತ್ರೆ. ಹದಿನಾಲ್ಕನೇ ಬೆಡ್ ನಬೀಸಾ, ರಕ್ತ ಕಡಿಮೆ, ಅದಕ್ಕೆ ಕಬ್ಬಿಣದ ಮಾತ್ರೆ.

ಏಳನೇ ಬೆಡ್ಡಿಗೆ ಹೋದೆ. ಚಾರ್ಟ್ ನೋಡಿದೆ, ಕಾವೇರಮ್ಮ. ಮಾತ್ರೆ ನೋಡಿದೆ, ಹೊತ್ತು ನೋಡಿದೆ. ಐದನ್ನೂ ಮನಸ್ಸಿನಲ್ಲಿ ಹೇಳಿದೆ. ತಲೆಯವರೆಗೆ ಕಂಬಳಿ ಹೊದ್ದು ಮಲಗಿದ್ದರು. "ಕಾವೇರಮ್ಮನವರಲ್ಲವೇ?" ಎಂದು ಕೇಳಿದೆ. ಒಳಗಿನಿಂದ "ಹೂಂ" ಎಂದು ಬಂತು. ಕೊಟ್ಟೆ. ಕಂಬಳಿಯಿಂದ ಒಂದು ಕೈ ಬಂತು, ಮಾತ್ರೆ ಒಳಗೆ ಹೋಯಿತು.

ಹತ್ತು ಗಂಟೆಗೆ ವಾರ್ಡಿನ ಆಯಾ ಸೈನಬಕ್ಕ ಆ ಬೆಡ್ಡಿನ ಅಡಿ ಗುಡಿಸುವಾಗ ಮೇಲೆ ಮಂಚ ಅಲುಗುತ್ತಿದ್ದದ್ದು ನೋಡಿದರಂತೆ. ನಾನು ಹೋಗುವಾಗ ಕಂಬಳಿ ಸರಿಸಿದ್ದರು. ಬೆವರಿನಲ್ಲಿ ಮಿಂದ ಹಾಗೆ ಇತ್ತು, ಕೈ ನಡುಗುತ್ತಿತ್ತು. ಸೈನಬಕ್ಕನಿಗಿರುವ ಹಾಗೆಯೇ ಕಿವಿಯ ಅಂಚಿನುದ್ದಕ್ಕೂ ಓಲೆಯ ತೂತುಗಳು. ಅಮ್ಮಾ, ಅವರು ಕಾವೇರಮ್ಮ ಅಲ್ಲ, ನಬೀಸಾ. ಬೆಳಿಗ್ಗೆ ಗಂಜಿಯೂ ಬೇಡ ಅಂದಿದ್ದರಂತೆ. ಸೈನಬಕ್ಕ ಲೋಟದಲ್ಲಿ ಸಕ್ಕರೆ ಕದಡಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಸರಿಯಾಯಿತು.

ಬಡಗು ಗೋಡೆಯ ಸಾಲಿನ ಬೆಡ್ಡುಗಳಲ್ಲಿ ತಲೆ ಉತ್ತರಕ್ಕೆ ಬರುತ್ತದೆ. ಆ ದಿಕ್ಕಿಗೆ ತಲೆ ಹಾಕಿ ಮಲಗಿದರೆ ತಾನು ಎದ್ದು ಮನೆಗೆ ಹೋಗುವುದಿಲ್ಲ ಎಂದು ಕಾವೇರಮ್ಮ ಮೂರು ದಿನದಿಂದ ಕೂತೇ ಇದ್ದರಂತೆ. ನಬೀಸಾ, ನಮ್ಮಲ್ಲಿ ಹಾಗೇನಿಲ್ಲ, ನೀವು ನನ್ನ ಬೆಡ್ಡಿಗೆ ಹೋಗಿ ಎಂದರಂತೆ. ಮೊನ್ನೆ ಸಂಜೆ ಇಬ್ಬರೂ ಬದಲಿಸಿಕೊಂಡಿದ್ದಾರೆ. ಚಾರ್ಟುಗಳು ಇದ್ದಲ್ಲೇ ಇದ್ದವು. ಸೈನಬಕ್ಕನಿಗೆ ಎಲ್ಲ ಗೊತ್ತಿತ್ತು. ನನ್ನನ್ನು ನೋಡಿ, "ಒಂದು ಮಾತು ನನ್ನ ಹತ್ತಿರ ಕೇಳಿದ್ರೆ ಏನಾಗ್ತಿತ್ತು ನಿಮಗೆ?" ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸ್ಟಾಫ್ ಸಿಸ್ಟರ್ ಬಂದಾಗ, ಗಂಜಿ ಬಿಟ್ಟದ್ದಕ್ಕೆ ನಿತ್ರಾಣ ಎಂದು ಅವರೇ ಅಂದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಸೈನಬಕ್ಕ ನನ್ನ ಮುಖ ನೋಡಿ, ಲೋಟ ತೊಳೆಯಲು ಹೋದರು. ಮಧ್ಯಾಹ್ನ, ಸಂಜೆ ಪುನಃ ಸಕ್ಕರೆ ನೀರು ಕೊಟ್ಟಿದ್ದಾರೆ. ಇವತ್ತು ನಬೀಸಾ ಎದ್ದು ಕೂತು ವೀಳ್ಯ ಕೇಳಿದರು.

ಸೈನಬಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಮ್ಮ. ಹೇಳಿದರೆ ಜನವರಿಯವರೆಗೆ ಕಾಯಬೇಕಾಗಿಲ್ಲ, ಟ್ರಂಕು ಈ ವಾರವೇ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ನಾನು ಏನು ಮಾಡಲಿ?

ಪರಮು


ಬಂಟ್ವಾಳ
೧೯-೧೧-೧೯೭೮

ಪರಮು,

ಪತ್ರ ನಿನ್ನೆ ಸಂಜೆ ಸಿಕ್ಕಿತು. ಒಲೆಗೆ ಹಾಕಲಿಲ್ಲ.

ಇದು ನಿನ್ನ ಕೈಗೆ ಸಿಕ್ಕಿದ ಕೂಡಲೇ ನಿನ್ನ ಟ್ಯೂಟರ್ ಸಿಸ್ಟರ್ ಹತ್ತಿರ ಹೋಗಿ ಹೇಳು. ಯಾರಿಗೂ ಏನೂ ಆಗುವುದಿಲ್ಲ ಅಂತ ಬರೆದಿದ್ದಿ. ಆಗ್ತದೆ. ಏನಾಗ್ತದೆ ಅಂತ ಹೇಳ್ತೇನೆ ಕೇಳು. ಇದನ್ನು ಯಾರಿಗೂ ಹೇಳಿದವಳಲ್ಲ.

ನೀನು ನಾಲ್ಕು ವರ್ಷದವಳಿರುವಾಗ ನಾನು ಬೆಳ್ತಂಗಡಿ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಇದ್ದೆ. ಅದು ಈಗ ಇಲ್ಲ, ಮುಚ್ಚಿ ವರ್ಷಗಳಾದವು. ಅಲ್ಲಿ ಕೂಡ ಇದೇ ಕತೆ, ಬಡಗು ತಲೆ. ಇಬ್ಬರು ಹೆಂಗಸರು ಮಂಚ ಬದಲಿಸಿದ್ದು ನಾನು ಕಣ್ಣಾರೆ ನೋಡಿದ್ದೆ. ಬೆಳಿಗ್ಗೆ ಸಿಸ್ಟರ್ ಇಂಜೆಕ್ಷನ್ ಹಿಡಿದು ಬಂದರು. ನನ್ನ ಕೈಯಲ್ಲಿ ಬೆಡ್‌ಪ್ಯಾನ್. ಇವರು ಅವರಲ್ಲ ಅಂತ ಹೇಳಲಿಕ್ಕೆ ಬಾಯಿ ತೆರೆದೆ. ಮೊದಲಿನ ದಿನವಷ್ಟೇ ಆ ಸಿಸ್ಟರ್, ಗುಡಿಸುವವರು ಗುಡಿಸಿದರೆ ಸಾಕು ಅಂತ ಹೇಳಿದ್ದರು. ಬಾಯಿ ಮುಚ್ಚಿದೆ. ಸೂಜಿ ಹೋಯಿತು. ಆ ಹೆಂಗಸು ಮೂರು ದಿನ ಕಣ್ಣು ಬಿಡಲಿಲ್ಲ. ನಾಲ್ಕನೇ ದಿನ ಬಿಟ್ಟರು, ಮತ್ತೆ ಎದ್ದು ಮನೆಗೂ ಹೋದರು. ಹೋಗುವಾಗ ನನ್ನ ಕೈ ಹಿಡಿದು, ನೀನು ನನ್ನನ್ನು ಚಂದ ನೋಡಿಕೊಂಡೆ ಅಂದರು.

ಯಾರಿಗೂ ಗೊತ್ತಾಗಲಿಲ್ಲ. ಎಲ್ಲಿಯೂ ಬರೆದಿಟ್ಟಿಲ್ಲ. ಆ ಸಿಸ್ಟರಿಗೆ ಕೂಡ ಗೊತ್ತಿರಲಿಲ್ಲವೋ ಏನೋ. ಬಡಗು ತಲೆಯ ಮಂಚ ಹಾಗೇ ಇತ್ತು, ಮರುವಾರ ಬೇರೆ ಯಾರೋ ಬದಲಿಸಿದರು. ಹದಿನಾಲ್ಕು ವರ್ಷದಿಂದ ನಾನು ದಿನಾ ಬೆಳಿಗ್ಗೆ ಗುಡಿಸುವ ಮೊದಲು ಪ್ರತಿ ಬೆಡ್ಡಿಗೆ ಹೋಗಿ, ಏನು ನಿಮ್ಮ ಹೆಸರು, ಮರೆತುಹೋಯಿತು ಅಂತ ತಮಾಷೆ ಮಾಡ್ತೇನೆ. ಅಮ್ಮಣಿಗೆ ಮರೆವು ಅಂತ ಎಲ್ಲ ನಗಾಡ್ತಾರೆ. ನಗಾಡಲಿ. ಹೆಸರು ಅವರ ಬಾಯಿಂದ ಬರ್ತದಲ್ಲ.

ಉತ್ತರಕ್ಕೆ ತಲೆ ಹಾಕಿ ನಮ್ಮವರು ಮಲಗುವುದಿಲ್ಲ ಅಂತ ನಿನ್ನ ಇಂಗ್ಲಿಷ್ ಪುಸ್ತಕದಲ್ಲಿ ಇರುವುದಿಲ್ಲ. ನನಗೆ ಗೊತ್ತಿತ್ತು. ನಿನಗೆ ಹೇಳಲಿಲ್ಲ. ಓದಿದವಳಿಗೆ ನಾನೇನು ಹೇಳುವುದು ಅಂತ ಎಣಿಸಿದೆ. ಆ ಪಾಲಿನ ತಪ್ಪು ನನ್ನದು.

ಆಯಾಳ ಮಾತು ಯಾರು ಕೇಳ್ತಾರೆ ಅಂತ ಆವತ್ತು ನಾನು ಎಣಿಸಿದೆ. ನೀನು ಎಣಿಸಬೇಡ.

ಮನೆಗೆ ಕಳಿಸಿದರೆ ಬಾ. ಬಾಗಿಲು ಇಲ್ಲಿಯೇ ಉಂಟು.

ಅಮ್ಮ


(ಕಾರ್ಡು)
ಬಂಟ್ವಾಳ
೬-೧೨-೧೯೭೮

ಪರಮೇಶ್ವರಿಗೆ ಆಶೀರ್ವಾದ. ಹದಿನೇಳು ದಿನ ಆಯಿತು, ಪತ್ರ ಇಲ್ಲ. ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಮುಗಿದಿದೆ, ಆದ್ದರಿಂದ ಕಾರ್ಡು, ಬೇಸರ ಮಾಡಬೇಡ. ಮಳೆ ಹೇಗೂ ಇಲ್ಲ. ಆರೋಗ್ಯ ಹೇಗೆ ಅಂತ ಎರಡು ಗೆರೆ ಬರೆ. ಜುಲಿಯಾನಳನ್ನು ಕೇಳಿದೆ ಅಂತ ಹೇಳು.

ಅಮ್ಮಣಿ, ಫೀಮೇಲ್ ವಾರ್ಡ್


ಮೂಡಬಿದ್ರೆ
೧೧-೧೨-೧೯೭೮

ಅಮ್ಮಾ,

ಹೇಳಿದೆ. ನಿನ್ನ ಪತ್ರ ಸಿಕ್ಕಿದ ದಿನವೇ, ಅದನ್ನು ಯೂನಿಫಾರ್ಮಿನ ಜೇಬಿನಲ್ಲಿ ಇಟ್ಟುಕೊಂಡೇ ಹೋದೆ.

ಟ್ಯೂಟರ್ ಸಿಸ್ಟರ್ ಸ್ವರ ಏರಿಸಲಿಲ್ಲ. ಮೊದಲು ಡಾಕ್ಟರರನ್ನು ಕರೆಸಿ ನಬೀಸಾ ಅವರನ್ನು ಪುನಃ ನೋಡಿಸಿದರು. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು, ಆದದ್ದನ್ನು ಆದ ಹಾಗೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಅರ್ಧ ಪುಟ ಸರಾಗ ಬಂತು. ಬಡಗು ತಲೆಯ ವಿಷಯಕ್ಕೆ ಬಂದಾಗ ನಿಂತುಹೋದೆ. ಸಿಸ್ಟರ್, ಅದು ಕನ್ನಡದಲ್ಲೇ ಇರಲಿ, ಅದಕ್ಕೆ ಇಂಗ್ಲಿಷ್ ಬೇಕಾಗಿಲ್ಲ ಎಂದರು.

ನಬೀಸಾ ಮನೆಗೆ ಹೋಗುವ ಮೊದಲು ನನ್ನನ್ನು ಅವರ ಹತ್ತಿರ ನಿಲ್ಲಿಸಿ ತಪ್ಪು ಹೇಳಿಸಿದರು. ನೀವು ಹೂಂ ಎಂದದ್ದು ಯಾಕೆ ಎಂದು ನಾನು ಕೇಳಿದೆ. "ಅಲ್ಲ ಅಂದ್ರೆ ಆ ಅಜ್ಜಿಯನ್ನು ನೀವು ಪುನಃ ಇಲ್ಲಿ ತಂದು ಹಾಕ್ತಿದ್ರಿ" ಅಂದರು. ಒಬ್ಬರ ಮೇಲಿನ ಕನಿಕರಕ್ಕೆ ಇನ್ನೊಬ್ಬರ ಮಾತ್ರೆ ನುಂಗಿದ್ದಾರೆ ಅಮ್ಮ.

ನನ್ನನ್ನು ವಾರ್ಡಿನಿಂದ ತೆಗೆದಿದ್ದಾರೆ. ಮೂರು ವಾರ ಬಾಟಲಿ ತೊಳೆದು, ಸಿರಿಂಜು ಕುದಿಸಿದೆ. ಪರೀಕ್ಷೆಗೆ ಕೂರಬಹುದು. ಪ್ರಾಕ್ಟಿಕಲ್‌ನಲ್ಲಿ ಒಂದು ತಪ್ಪಾದರೂ ಇನ್ನೊಂದು ಅವಕಾಶ ಇಲ್ಲ ಎಂದಿದ್ದಾರೆ. ಉಳಿದವರಿಗೆ ಒಂದು ಸಲ ಪುನಃ ಬರೆಯಲು ಬಿಡುತ್ತಾರೆ, ನನಗಿಲ್ಲ.

ಇಷ್ಟು ದಿನ ಬರೆಯದೇ ಇದ್ದದ್ದು ಆ ಶಿಕ್ಷೆಗಾಗಿ ಅಲ್ಲ. ನಿನಗೆ ಬರೆಯಲು ಮುಖವಿರಲಿಲ್ಲ, ಬೇರೊಂದು ಕಾರಣಕ್ಕೆ. ನಿನ್ನ ಕಾರ್ಡು ಬಂತು. ಹಂಚುವ ಹುಡುಗಿ ಗಟ್ಟಿಯಾಗಿ ಓದಿಯೇ ಕೊಟ್ಟಳು. ಕೊನೆಯಲ್ಲಿ 'ಫೀಮೇಲ್ ವಾರ್ಡ್' ಎಂಬ ಎರಡೇ ಶಬ್ದ, ಆಯಾ ಎಂದು ಬರೆದಿರಲಿಲ್ಲ; ಅದನ್ನು ನಾನು ತುಂಬ ಸಲ ಓದಿದೆ. ಸೆಪ್ಟೆಂಬರಿನಲ್ಲಿ ನೋವು ನಿನ್ನ ಮೊಣಕಾಲಿನಲ್ಲಿ ಇರಲಿಲ್ಲ ಅಲ್ಲವಾ?

ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುವುದಿಲ್ಲ.

ಪರಮು


ಮೂಡಬಿದ್ರೆ
೨೦-೧-೧೯೭೯

ಅಮ್ಮಾ,

ನಿನ್ನೆ ಪ್ರಾಕ್ಟಿಕಲ್ ಆಯಿತು. ರಿಸಲ್ಟ್ ಬಂದಿಲ್ಲ. ಆದರೂ ಇವತ್ತೇ ಬರೆಯಬೇಕು. ರಿಸಲ್ಟ್ ಬಂದ ಮೇಲೆ ಬರೆದರೆ ಅದು ಬೇರೆ ಪತ್ರವಾಗುತ್ತದೆ.

ಎಕ್ಸಾಮಿನರ್ ಎತ್ತರದ ಹೆಂಗಸು, ನರೆತ ಕೂದಲು, ಕನ್ನಡಕಕ್ಕೆ ಕಪ್ಪು ದಾರ. ನಾವೆಲ್ಲ ಫೀಮೇಲ್ ವಾರ್ಡಿನ ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದೆವು. ಒಬ್ಬೊಬ್ಬರನ್ನೇ ಕರೆದು ಟ್ರೇ ಕೊಡುತ್ತಿದ್ದರು. ನನ್ನ ಮುಂದಿನವರು ಬೆಡ್ಡಿನ ಹತ್ತಿರ ಹೋಗಿ ಐದು ರೈಟ್‌ಗಳನ್ನು ಪಟಪಟ ಹೇಳಿ, ಚಾರ್ಟ್ ನೋಡಿ, ಮದ್ದು ಕೊಟ್ಟು ಬಂದರು. ಎಲ್ಲ ಚಂದ ಮಾಡಿದರು. ನನ್ನ ಹೆಸರು ಕರೆದಾಗ ಐದರಲ್ಲಿ ಒಂದೂ ನನಗೆ ನೆನಪಿರಲಿಲ್ಲ. ಮೀಯುವಾಗಲೂ ಹೇಳುತ್ತಿದ್ದವಳಿಗೆ!

ಹನ್ನೊಂದನೇ ಬೆಡ್. ಚಾರ್ಟಿನಲ್ಲಿ ಪರಮೇಶ್ವರಿ ಎಂದಿತ್ತು, ಕೊಕ್ಕಡದವರು, ಐವತ್ತೆರಡು ವರ್ಷ. ನನ್ನದೇ ಹೆಸರು! ನಿಮ್ಮ ಹೆಸರೇನು ಎಂದು ಕೇಳಿದೆ. ನೀವು ಇಂಥವರಲ್ಲವೇ ಎಂದು ಕೇಳಲಿಲ್ಲ. ತುಳುವಿನಲ್ಲೇ ಕೇಳಿದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿ, ತಲೆ ಆಡಿಸಿದರು. ಪುನಃ ಕೇಳಿದೆ. ಪುನಃ ತಲೆ ಆಡಿಸಿದರು. ಗಂಟಲಿನ ಆಪರೇಷನ್ ಆಗಿ ಸ್ವರ ಬರುವುದಿಲ್ಲ. ಹೆಸರು ಬರೆದು ತೋರಿಸಿ ಎಂದರೆ ಓದು ಬರಹ ಗೊತ್ತಿಲ್ಲ ಎಂದು ಕೈಸನ್ನೆ ಮಾಡಿದರು.

ಚಾರ್ಟ್ ಇದೆ. ಬೆಡ್ ನಂಬರ್ ಇದೆ. ತಲೆ ಆಡಿಸಿದ್ದಾರೆ. ಎಕ್ಸಾಮಿನರ್ ನನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದಾರೆ. ಎಲ್ಲರೂ ಮೂರು ನಿಮಿಷದಲ್ಲಿ ಮುಗಿಸಿದ್ದರು, ನನಗಾಗಲೇ ಐದಾಗಿತ್ತು. ಮಾತ್ರೆ ಕೈಯಲ್ಲಿತ್ತು. ಬಗ್ಗಿ ಕೊಟ್ಟುಬಿಟ್ಟರೆ ಮುಗಿಯುತ್ತಿತ್ತು.

ಸೈನಬಕ್ಕ ಕಿಟಕಿಯ ಹತ್ತಿರ ನೆಲ ಒರೆಸುತ್ತಿದ್ದರು. ಟ್ರೇ ಮೇಜಿನ ಮೇಲಿಟ್ಟು ಕರೆದೆ.

"ಸೈನಬಕ್ಕ, ಒಂದು ಗಳಿಗೆ ಬನ್ನಿ. ಇವರು ಯಾರು?"

ಬಾಗಿಲ ಹತ್ತಿರದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೈನಬಕ್ಕ ಬಟ್ಟೆ ಹಿಂಡಿ, ಕೈ ಒರೆಸಿಕೊಂಡು, ಅವಸರವಿಲ್ಲದೆ ಬಂದರು. ಅವರಿಗೂ ಇದು ಪರೀಕ್ಷೆ ಎಂಬ ಹಾಗೆ ಆ ಹೆಂಗಸಿನ ಮುಖವನ್ನು ಸರಿಯಾಗಿ ನೋಡಿದರು. ಇವರು ಕೊಕ್ಕಡದ ಪರಮೇಶ್ವರಿಯೇ, ಸೋಮವಾರ ಬಂದದ್ದು, ಬಂದಂದಿನಿಂದ ಇದೇ ಬೆಡ್, ಗಂಡ ಹೊರಗೆ ಜಗಲಿಯಲ್ಲಿ ಕೂತಿದ್ದಾರೆ, ಬೇಕಾದರೆ ಕರೆಯುತ್ತೇನೆ ಎಂದರು. ಕರೆಯಲು ಹೇಳಿದೆ. ಗಂಡ ಬಂದು ಹೆಂಡತಿಯ ಹೆಸರು ಹೇಳಲು ನಾಚಿ, ಕೊನೆಗೆ ಹೇಳಿದರು. ಆಮೇಲೆ ಮಾತ್ರೆ ಕೊಟ್ಟೆ.

ಎಕ್ಸಾಮಿನರ್ ಇಂಗ್ಲಿಷಿನಲ್ಲಿ ಕೇಳಿದರು, ಪರೀಕ್ಷೆಯ ನಡುವೆ ಆಯಾಳನ್ನು ಕರೆದು ಕೇಳಲು ನಿಮಗೆ ಯಾರು ಕಲಿಸಿದ್ದು, ನಿಮ್ಮ ಟ್ಯೂಟರಾ? ಟ್ಯೂಟರ್ ಸಿಸ್ಟರ್ ಗೋಡೆಯ ಹತ್ತಿರ ನಿಂತಿದ್ದರು. ನನಗೆ ಇಂಗ್ಲಿಷ್ ಇಡೀ ಹೋಗಿಬಿಟ್ಟಿತ್ತು. ಕನ್ನಡದಲ್ಲೇ ಹೇಳಿದೆ.

"ಅಲ್ಲ ಮೇಡಂ, ನನ್ನ ಅಮ್ಮ. ಅವರು ಬಂಟ್ವಾಳದಲ್ಲಿ ಆಯಾ. ಹದಿನಾರು ವರ್ಷದಿಂದ ಅದೇ ಕೆಲಸ."

ನನ್ನ ಸ್ವರ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹದಿನೇಳು ಹುಡುಗಿಯರಿಗೂ ಕೇಳಿಸಿತು. ವಾರ್ಡಿನ ಆ ಕೊನೆಯ ಬೆಡ್ಡಿನವರೆಗೂ ಕೇಳಿಸಿರಬೇಕು.  

ಎಕ್ಸಾಮಿನರ್ ಈಗ ಕನ್ನಡಕ್ಕೆ ಬಂದರು. "ಕೊನೆಗೆ ಸರಿಯಾದ ರೋಗಿಯೇ ಅಲ್ಲವಾ ಇದ್ದದ್ದು? ಹಾಗಾದರೆ ಇಷ್ಟೆಲ್ಲ ಕೇಳಿದ್ದು ದಂಡ ಅಲ್ಲವಾ?"

"ಅಲ್ಲ ಮೇಡಂ. ಮೊದಲು ಇವರೇ ಇರಬೇಕು ಎಂದು ನಾನು ಎಣಿಸಿದ್ದು. ಈಗ ನನಗೆ ಗೊತ್ತುಂಟು."

ಅವರು ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿ, ತುಂಬ ಹೊತ್ತು ಬರೆದರು. ಏನು ಬರೆದರೋ ಗೊತ್ತಿಲ್ಲ. ಐದು ರೈಟ್ ಕೇಳಲೇ ಇಲ್ಲ. ಎಂಟು ನಿಮಿಷ ತೆಗೆದುಕೊಂಡದ್ದಕ್ಕೆ ಮಾರ್ಕು ಹೋಗಿರಬಹುದು.

ಮಧ್ಯಾಹ್ನ ಊಟಕ್ಕೆ ಹೋಗಲು ಹೆದರಿಕೆಯಾಯಿತು. ಜುಲಿಯಾನಳ ಎದುರು ಕೂತೆ. ಅವಳು ಮೀನಿನ ಮುಳ್ಳು ಬಿಡಿಸುತ್ತಾ, ನನಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತು ಎಂದಳು. ಹೇಗೆ ಎಂದು ಕೇಳಿದೆ. ನಿನ್ನ ಅಮ್ಮ ಮಾತಾಡುತ್ತಾ ಮಾತಾಡುತ್ತಾ ನನ್ನ ಹಾಸಿಗೆಯ ಶೀಟಿನ ನಾಲ್ಕೂ ಮೂಲೆ ಎಳೆದು ಮಡಿಸಿ ಹೋದರು, ಸಿಸ್ಟರ್‌ಗಳು ಹಾಗೆ ಮಾಡುವುದಿಲ್ಲ, ಮಾಡಿ ಅಂತ ಹೇಳುತ್ತಾರೆ ಅಷ್ಟೆ ಎಂದಳು. ಆ ಮೂಲೆಗಳನ್ನು ಬಿಚ್ಚಲು ಮನಸ್ಸಾಗದೆ ಎರಡು ವಾರ ಶೀಟು ಒಗೆಯಲಿಲ್ಲವಂತೆ. ಮತ್ತೆ, ಇಷ್ಟು ದಿನ ನೀನಾಗಿ ಹೇಳಲಿ ಎಂದು ಕಾದೆ ಮಾರಾಯ್ತಿ, ನೀನು ಹೇಳಿದ್ದು ಎಕ್ಸಾಮಿನರಿಗೆ ಎಂದು ನನ್ನ ತಟ್ಟೆಗೆ ಅವಳ ಮೀನಿನ ಅರ್ಧ ಹಾಕಿದಳು.

ನಾನು ಇಲ್ಲಿ ಬಂದ ಮೊದಲ ದಿನ, ನಮ್ಮ ಅಮ್ಮನೂ ಆಸ್ಪತ್ರೆಯಲ್ಲಿ ಇದ್ದಾರೆ ಎಂದಿದ್ದೆ. ಇಲ್ಲಿಯವರು ನಿನ್ನನ್ನು ಸಿಸ್ಟರ್ ಎಂದು ತಿಳಿದರು. ನಾನು ಅಲ್ಲ ಎನ್ನಲಿಲ್ಲ. ನಬೀಸಾ ಹೂಂ ಎಂದರು, ನಾನೂ ಹಾಗೆ ಹೂಂ ಎಂದದ್ದು. ಅವರು ಎಂದದ್ದು ಬೇರೆಯವರಿಗಾಗಿ. ನಾನು ಎಂದದ್ದು ನನಗಾಗಿ. ಕಾರ್ಡು ಬರೆಯಬೇಡ ಎಂದದ್ದೂ ಮಳೆಗಾಗಿ ಅಲ್ಲ.

ಫೇಲಾದರೆ ಬರುತ್ತೇನೆ. ನಿನ್ನ ವಾರ್ಡಿನಲ್ಲಿ ನಿನ್ನ ಜೊತೆ ಗುಡಿಸುತ್ತೇನೆ. ಹೆದರಿಕೆಯಿಂದ ಬರೆದದ್ದಲ್ಲ ಇದು.

ನಿನ್ನ ಪರಮು


(ಕಾರ್ಡು)
ಮೂಡಬಿದ್ರೆ
೮-೨-೧೯೭೯

ವಿಳಾಸ: ಶ್ರೀಮತಿ ಅಮ್ಮಣಿ, ಆಯಾ, ಫೀಮೇಲ್ ವಾರ್ಡ್, ಬಂಟ್ವಾಳ

ಅಮ್ಮಾ, ಪಾಸ್. ಹದಿನೆಂಟರಲ್ಲಿ ಹದಿನಾಲ್ಕು ಮಂದಿ. ಜುಲಿಯಾನ ಕೂಡ. ನನಗೆ ಪ್ರಾಕ್ಟಿಕಲ್‌ನಲ್ಲಿ ಮೊದಲನೆಯ ಸ್ಥಾನವಲ್ಲ, ಮೂರನೆಯದು. ತಡ ಮಾಡಿದ್ದಕ್ಕೆ ಮಾರ್ಕು ಕಳೆದಿದ್ದಾರೆ. ಆದರೆ ನನ್ನ ಶೀಟಿನ ಕೆಳಗೆ ಎಕ್ಸಾಮಿನರ್ 'ಸೇಫ್' ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ಈಗ ವಾರ್ಡಿಗೆ ಬಂದವರನ್ನು ಸೇರಿಸಿಕೊಳ್ಳುವಾಗಲೇ ತಲೆ ಯಾವ ಕಡೆ ಹಾಕುತ್ತೀರಿ ಎಂದು ಕೇಳಿ ಬೆಡ್ ಕೊಡುತ್ತಾರೆ. ಕೇಳುವ ಕೆಲಸ ಸೈನಬಕ್ಕನದು. ೧೮ನೇ ತಾರೀಕು ಆದಿತ್ಯವಾರ ಹತ್ತು ಗಂಟೆಗೆ ಕ್ಯಾಪ್ ಹಾಕುವುದು. ಮನೆಯವರಿಗೆ ಮುಂದಿನ ಸಾಲು. ಮೊಣಕಾಲಿನ ನೆಪ ಹೇಳಬೇಡ. ಈ ಕಾರ್ಡನ್ನು ಟಪ್ಪಾಲಿನವನು ಓದಲಿ ಎಂದೇ ಬರೆದದ್ದು. ಪರಮೇಶ್ವರಿ


ಬಂಟ್ವಾಳ
೧೨-೨-೧೯೭೯

ಪರಮುವಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾರ್ಡು ಎಲ್ಲರ ನಂತರ ಸಿಕ್ಕಿದ್ದು ನನಗೆ. ಟಪ್ಪಾಲಿನವನು ಗೇಟಿನಲ್ಲೇ ಓದಿ ಹೇಳಿದ. ಮುಂಡಪ್ಪಣ್ಣ ಮದ್ದು ಕೊಡುವ ಕಿಟಕಿಯಲ್ಲಿ ಅದನ್ನು ಅಂಟಿಸಿ, ಮದ್ದಿಗೆ ಬಂದವರಿಗೆಲ್ಲ ಓದಿಸಿದರು. ಡಾಕ್ಟ್ರು ರೌಂಡಿಗೆ ಬಂದವರು ನನ್ನ ಎದುರು ನಿಂತು, ಏನು ನಿಮ್ಮ ಹೆಸರು, ಮರೆತುಹೋಯಿತು ಅಂದರು. ಇಡೀ ವಾರ್ಡ್ ನಗಾಡಿತು. ನಾನು ಸ್ವಲ್ಪ ಹೊತ್ತು ಕಕ್ಕಸಿನ ಹಿಂದೆ ಹೋಗಿ ನಿಂತು ಬಂದೆ.

ನಮ್ಮ ಸಿಸ್ಟರ್ ಮರುದಿನ ಮದ್ದಿನ ಟ್ರೇ ಹಿಡಿದು ಹೊರಡುವ ಮೊದಲು, ಅಮ್ಮಣಿ ಬಾ, ಒಟ್ಟಿಗೆ ಹೋಗುವ ಅಂದರು. ಹದಿನಾರು ವರ್ಷದಲ್ಲಿ ಮೊದಲ ಸಲ.

ಬೆಳ್ತಂಗಡಿ ಕಡೆಯ ಆ ಹೆಂಗಸಿನ ಮುಖ ನನಗೆ ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ನಿನ್ನ ಜನವರಿಯ ಪತ್ರ ಓದಿದ ಮೇಲೆ, ಆವತ್ತು ನಾನು ಮುಚ್ಚಿದ ಬಾಯಿ ಇವತ್ತು ಎಲ್ಲೋ ತೆರೆಯಿತು ಅಂತ ಕಂಡಿತು. ಅಷ್ಟೇ ಬರೆಯಲಿಕ್ಕೆ ಬರುವುದು ನನಗೆ.

ಆದಿತ್ಯವಾರ ಬರ್ತೇನೆ. ಡ್ಯೂಟಿಯ ನೀಲಿ ಅಂಚಿನ ಸೀರೆಯಲ್ಲೇ ಬರ್ತೇನೆ. ಬೇರೆ ಸೀರೆ ಇಲ್ಲ ಅಂತ ಅಲ್ಲ, ಉಂಟು. ಜುಲಿಯಾನಳಿಗೆ ಹೇಳು, ಶೀಟಿನ ಮೂಲೆ ಹೇಗೆ ಮಡಿಸುವುದು ಅಂತ ಅವಳ ಕೈಯಲ್ಲೇ ಮಾಡಿಸ್ತೇನೆ. ಎರಡು ವಾರ ಒಗೆಯದ ಶೀಟು ಅಂದರೆ ನಾಚಿಕೆಗೇಡು.

ಕ್ಯಾಪ್ ಹಾಕಿ ಸಾಲಿನಲ್ಲಿ ನಿಂತರೆ ನೀವು ಹದಿನಾಲ್ಕು ಮಂದಿಯೂ ಒಂದೇ ಹಾಗೆ ಕಾಣ್ತೀರಿ. ಆದ್ದರಿಂದ ನಾನು ಸೀದಾ ನಿನ್ನ ಎದುರು ಬಂದು ಹೆಸರು ಕೇಳ್ತೇನೆ. ತಲೆ ಆಡಿಸಬೇಡ, ಹೂಂ ಅನ್ನಬೇಡ. ಬಾಯಿ ಬಿಟ್ಟು ಪೂರ್ತಿ ಹೇಳು. ಯಾರ ಮಗಳು ಅಂತ ಸಹ.

ಅಮ್ಮಣಿ
ಆಯಾ, ಫೀಮೇಲ್ ವಾರ್ಡ್